ನಮ್ಮ ಕಾರಿನ ಇಂಜಿನ್ ಕೊಂದವರು ಯಾರು?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಶುರುವಿನಲ್ಲಿ ತಪ್ಪು ನನ್ನದಾಗಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಯಾಕೆಂದರೆ ನಮ್ಮೂರು ಗಾವಡಗೆರೆಯಲ್ಲಿ ಬೇರೆ ಯಾರೂ ಹೇಳುತ್ತಿಲ್ಲ. ನನ್ನ ಹೆಂಡತಿಯಂತೂ ಹೇಳುವ ಲಕ್ಷಣವೇ ಕಾಣುತ್ತಿಲ್ಲ.

ನಾನು ನಿಂಗರಾಜು. ಊರಿನಲ್ಲಿ, ಮನೆಯ ಮುಂಭಾಗದಲ್ಲೇ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದೇನೆ. ನನ್ನ ಅಂಗಡಿಗಿಂತ ನನ್ನ ಹೆಂಡತಿ ಭಾಗ್ಯಳ ಒಬ್ಬಟ್ಟಿಗೆ ಹೆಸರು ಜಾಸ್ತಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ಕಡೆ ಎಲ್ಲೇ ನಿಶ್ಚಿತಾರ್ಥ ಆಗಲಿ, ಗಂಡು ಹೆಣ್ಣು ಒಪ್ಪುವುದಕ್ಕೂ ಮುಂಚೆ ಭಾಗ್ಯಳ ಒಬ್ಬಟ್ಟಿಗೆ ಫೋನ್ ಬಂದಿರುತ್ತದೆ. ಅದನ್ನು ತಲುಪಿಸುವುದಕ್ಕೆ ಅಂತಲೇ ಅವಳು ಒಂದು ಹಳೇ ಬಿಳಿ ಕಾರು ಕೊಂಡಳು, ಡ್ರೈವಿಂಗ್ ಕಲಿತಳು, ಲೈಸೆನ್ಸ್ ಮಾಡಿಸಿದಳು. ನನಗೆ ಕಾರು ಓಡಿಸಲು ಬರುವುದಿಲ್ಲ. ಸ್ಟಾರ್ಟ್ ಮಾಡಲು ಮಾತ್ರ ಬರುತ್ತದೆ. ಈ ಕಥೆಗೆ ಅಷ್ಟೇ ಸಾಕಾಯಿತು!

ಕಾರಿನ ಕೆಲಸವನ್ನೆಲ್ಲ ಮಾಡುವವರು ಹುಣಸೂರಿನಲ್ಲಿ ಗ್ಯಾರೇಜ್ ಇಟ್ಟಿರುವ ಸಮೀವುಲ್ಲಾ. ಭಾಗ್ಯಳನ್ನು ಅಕ್ಕಾ ಎನ್ನುತ್ತಾರೆ, ನನ್ನನ್ನು ಅಣ್ಣ ಎನ್ನುತ್ತಾರೆ. ಅವರ ಹತ್ತಿರ ಹೊಸ ಆಯಿಲ್ ಹಾಕಿಸಿಕೊಂಡು ಬಂದ ಮಾರನೆಯ ದಿನ ನಾವು ಪಿರಿಯಾಪಟ್ಟಣಕ್ಕೆ ಒಬ್ಬಟ್ಟು ಕೊಟ್ಟು ವಾಪಸ್ ಬರುತ್ತಿದ್ದೆವು. ಅರ್ಧ ದಾರಿಯಲ್ಲಿ ಭಾಗ್ಯ, "ರೀ, ಮೀಟರಲ್ಲಿ ಆಯಿಲ್‌ದು ಕೆಂಪು ಲೈಟ್ ಬಂತು ಕಣ್ರೀ," ಅಂದಳು.

"ಬಂದ್ರೆ ಬರ್ಲಿ ಬುಡು. ನಾವೇನು ಕರೆಂಟ್ ಬಿಲ್ ಕಟ್ಬೇಕಾ?" ಅಂದೆ.

ಅವಳು ನನ್ನ ಮಾತು ಕೇಳುವ ಅಭ್ಯಾಸ ಬಿಟ್ಟು ಬಹಳ ಕಾಲವಾಗಿತ್ತು. ತಕ್ಷಣ ಕಾರನ್ನು ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದಳು. ಇಳಿದು ಬಗ್ಗಿ ನೋಡಿದರೆ, ನಾವು ಬಂದ ದಾರಿಯುದ್ದಕ್ಕೂ ಕಪ್ಪಗೆ ಗೆರೆ ಎಳೆದಂತೆ ಆಯಿಲ್ ಸುರಿದುಕೊಂಡು ಬಂದಿದೆ. ಇಂಜಿನ್ ಕೆಳಗಿನ ಆಯಿಲ್ ಬೋಲ್ಟ್ ಇರಬೇಕಾದ ಜಾಗದಲ್ಲಿ ಬರೀ ತೂತು!

ಭಾಗ್ಯ ಸಮೀವುಲ್ಲಾಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಆ ಕಡೆ ಓಲಗವೋ ಬ್ಯಾಂಡೋ ಏನೋ ಜೋರಾಗಿ ಕೇಳುತ್ತಿತ್ತು.

"ಅಕ್ಕಾ, ಆಫ್ ಮಾಡಿದ್ರಲ್ಲ, ಬಾಳ ಒಳ್ಳೇದಾಯ್ತು. ಇನ್ನು ಸ್ಟಾರ್ಟ್ ಮಾಡ್ಲೇಬೇಡಿ. ನಾನು ಮಾನಂದವಾಡಿಲಿ ನಂಟ್ರ ಮದುವೆಗೆ ಬಂದಿದೀನಿ. ಮುಗುಸ್ಕೊಂಡು ನೇರ ನಿಮ್ಮ ಮನೆಗೇ ಬತ್ತೀನಿ. ಅಲ್ಲೀಗಂಟ ಗಾಡಿ ಮುಟ್ಬೇಡಿ. ನಾನು ನೋಡ್ತೀನಿ."

"ಸರಿ ಬುಡಿ, ಅವ್ರೇ ನೋಡ್ತಾರಂತೆ," ಅಂತ ಭಾಗ್ಯ ಸಮಾಧಾನ ಮಾಡಿಕೊಂಡಳು. ನನಗೆ ಸಮಾಧಾನ ಎಲ್ಲಿಂದ ಬರಬೇಕು? "ನೋಡ್ತೀನಿ ಅಂದ್ರೆ ತಪ್ಪು ಒಪ್ಕೊಂಡಂಗಲ್ಲ ಕಣೇ. ನೋಡ್ತೀನಿ ಅಂದ್ರೆ ಬರೀ ನೋಡೋದು! ನಾಳೆ ಬಂದು ನೋಡ್ಬುಟ್ಟು, ನೋಡ್ದೆ ಕಣಣ್ಣ ಅಂತ ಒಂಟೋದ್ರೆ?"

ಅವಳು ಆಗಲೇ ದಾರಿಯಲ್ಲಿ ಹೋಗುತ್ತಿದ್ದ ಒಂದು ಟ್ರ್ಯಾಕ್ಟರ್ ನಿಲ್ಲಿಸಿ ಹಗ್ಗ ಕಟ್ಟಿಸಿದಳು. ನಾನು ಅಲ್ಲೇ ತೀರ್ಮಾನಿಸಿದೆ. ಈ ಪ್ರಕರಣವನ್ನು ಸುಮ್ಮನೆ ಬಿಡಬಾರದು. ನ್ಯಾಯ ಸಿಗುವ ತನಕ ಹೋರಾಡಬೇಕು. ಅದಕ್ಕೆ ಮೊದಲು ಸ್ಥಳ ಮಹಜರು ಆಗಬೇಕು! ಕಾರನ್ನೂ ಹೆಂಡತಿಯನ್ನೂ ಟ್ರ್ಯಾಕ್ಟರ್ ಜೊತೆ ಕಳಿಸಿ ನಾನು ಹಿಂದಕ್ಕೆ ನಡೆದುಕೊಂಡು ಬೋಲ್ಟ್ ಹುಡುಕಲು ಹೊರಟೆ.

ಬೋಲ್ಟ್ ಸಿಕ್ಕಿತು. ತೊಂದರೆ ಏನೆಂದರೆ, ಒಂದಲ್ಲ, ಎರಡೂ ಜೇಬು ತುಂಬುವಷ್ಟು ಸಿಕ್ಕವು! ಉದ್ದದ್ದು, ಗಿಡ್ಡದ್ದು, ತುಕ್ಕು ಹಿಡಿದದ್ದು, ಹೊಚ್ಚ ಹೊಸದು. ನಮ್ಮ ರಸ್ತೆಯಲ್ಲಿ ಇಷ್ಟೊಂದು ಬೋಲ್ಟ್ ಉದುರಿವೆ ಅಂದರೆ, ಓಡಾಡುತ್ತಿರುವ ಗಾಡಿಗಳೆಲ್ಲ ಯಾವ ದೇವರ ಮೇಲೆ ಭಾರ ಹಾಕಿ ಓಡುತ್ತಿವೆಯೋ! ಮನೆಗೆ ಬಂದು ಅವನ್ನೆಲ್ಲ ಅಂಗಡಿಯ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಕಾರು ಅಂಗಡಿಯ ಮುಂದೆಯೇ ನಿಂತಿತ್ತು. ಯೂರಿಯಾಕ್ಕೆ ಬಂದವರು, ರಾಗಿ ಬೀಜಕ್ಕೆ ಬಂದವರು, ಸುಮ್ಮನೆ ನೆರಳಿಗೆ ಬಂದವರು, ಎಲ್ಲರಿಗೂ ಕೇಸ್ ವಿವರಿಸಿದೆ. ಹುಣಸೂರಿನ ಸಮೀವುಲ್ಲಾ ಬೋಲ್ಟ್ ಟೈಟ್ ಮಾಡದೆ ಕಳಿಸಿದ್ದಾರೆ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಜನ ಬೀಜ ಮರೆತು ಹೋದರೂ ಆ ಹೆಸರು ಮರೆಯಲಿಲ್ಲ.

ಕೆ.ಆರ್. ನಗರದಲ್ಲಿ ನನ್ನ ಷಡ್ಡಕ ಚಂದ್ರಣ್ಣ ಇದ್ದಾನೆ. ವಕೀಲರೊಬ್ಬರ ಹತ್ತಿರ ಗುಮಾಸ್ತ. ವಕೀಲರಿಗಿಂತ ಜಾಸ್ತಿ ಕಾನೂನು ಮಾತಾಡುತ್ತಾನೆ. ಅವನಿಗೆ ಫೋನ್ ಮಾಡಿದೆ.

"ಬೋಲ್ಟ್ ಬಿದ್ದೋಯ್ತು ಸರಿ," ಅಂದ ಚಂದ್ರಣ್ಣ. "ಅದರಿಂದ ಇಂಜಿನ್ ಹಾಳಾಗ್ಯದಾ?"

"ಗೊತ್ತಿಲ್ಲ ಕಣಪ್ಪ. ಭಾಗ್ಯ ತಕ್ಷಣ ಆಫ್ ಮಾಡ್ಬುಟ್ಲು."

"ಅಯ್ಯೋ! ಹಾಳಾಗದೆ ಇದ್ರೆ ಕೇಸೇ ಇಲ್ವಲ್ಲೋ! ಡ್ಯಾಮೇಜ್ ತೋರಿಸ್ಬೇಕು. ಡ್ಯಾಮೇಜ್ ನೋಡಿದ ಸಾಕ್ಷಿ ಬೇಕು. ಇಲ್ದಿದ್ರೆ ಒಂದು ಬೋಲ್ಟ್ ಕೊಟ್ಟು ಕೈ ತೊಳ್ಕೊತಾರೆ, ಅಷ್ಟೇಯ."

ಫೋನ್ ಇಟ್ಟ ಮೇಲೆ ನನಗೆ ನಿಜವಾಗಲೂ ಚಿಂತೆಯಾಯಿತು. ಇಂಜಿನ್ ಏನಾದರೂ ಚೆನ್ನಾಗಿದ್ದುಬಿಟ್ಟರೆ?

ಭಾಗ್ಯ ಹಿತ್ತಲ ಕಡೆಯ ಅಡುಗೆಮನೆಯಲ್ಲಿ ಹೂರ್ಣ ರುಬ್ಬಿಸುತ್ತಿದ್ದಳು. ಗ್ರೈಂಡರ್ ಸದ್ದಿನಲ್ಲಿ ಅವಳಿಗೆ ಹೊರಗಿನದು ಕೇಳುವುದಿಲ್ಲ. ಕಾರನ್ನು ಮುಟ್ಟಬೇಡಿ ಅಂತ ಅವಳು ಹೇಳಿದ್ದೂ ನೆನಪಿತ್ತು. ಆದರೆ ಯೋಚಿಸಿ ನೋಡಿ. ಮುಟ್ಟಬೇಡಿ ಅಂತ ಮೊದಲು ಹೇಳಿದ್ದು ಯಾರು? ಆರೋಪಿ! ಆರೋಪಿಯ ಸಲಹೆಯಂತೆ ದೂರುದಾರ ನಡೆದುಕೊಳ್ಳುವುದು ಯಾವ ಸೀಮೆಯ ನ್ಯಾಯ? ಮೊಳೆಗೆ ನೇತುಹಾಕಿದ್ದ ಎರಡನೇ ಕೀ ತೆಗೆದುಕೊಂಡು ಹೋಗಿ ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡಿದೆ. ಇಂಜಿನ್ ಒಳಗಿಂದ ಸಣ್ಣದಾಗಿ ಟಕ್ ಟಕ್ ಟಕ್ ಅಂತ ಶಬ್ದ ಬಂತು.

ಎಂಥಾ ಆನಂದ! ನಮ್ಮದೇ ವಸ್ತು ಹಾಳಾಗಿದೆ ಅಂತ ನಾನು ಖುಷಿಪಟ್ಟದ್ದು ಜೀವನದಲ್ಲಿ ಅದೇ ಮೊದಲು. ಬೇಗ ಆಫ್ ಮಾಡಿ ಸಾಕ್ಷಿ ಹುಡುಕಲು ಓಡಿದೆ.

ಮೊದಲ ಸಾಕ್ಷಿಯಾಗಿ ಪಂಚಾಯಿತಿ ಮೆಂಬರ್ ರೇವಣ್ಣನವರನ್ನು ಕರೆತಂದೆ. ಸ್ಟಾರ್ಟ್ ಮಾಡಿದೆ. ಟಕ್ ಟಕ್ ಟಕ್. ಅವರು ಗಂಭೀರವಾಗಿ ತಲೆಯಾಡಿಸಿ, "ಅನ್ಯಾಯ," ಅಂದರು. ಕಾಫಿ ಕುಡಿಸಿ ಕಳಿಸಿದೆ. ಆಮೇಲೆ ಹಾಲಿನ ಡೈರಿಯ ಸೆಕ್ರೆಟರಿ ಪುಟ್ಟಸ್ವಾಮಿಯವರು ಬಂದರು. ಊರಿನಲ್ಲಿ ಅವರ ಮಾತಿಗೆ ತೂಕವಿದೆ. ಕಿವಿ ಮಾತ್ರ ಸ್ವಲ್ಪ ಮಂದ.

"ಏನೂ ಕೇಳುಸ್ತಿಲ್ವಲ್ಲ ನಿಂಗ್ರಾಜು," ಅಂದರು.

"ಒಸಿ ಬಗ್ಗಿ ಕೇಳಿ ಸಾ."

"ಬಗ್ಗಿದ್ರೆ ಸೊಂಟ ಇಡ್ಕತದೆ ಕಣಪ್ಪ. ನೀನೇ ಒಸಿ ಆಕ್ಸಿಲರೇಟರ್ ಒತ್ತಿ ರೈಸ್ ಮಾಡು."

ರೈಸ್ ಮಾಡಿದೆ. ಟಕ ಟಕ ಟಕ ಟಕ! ಪುಟ್ಟಸ್ವಾಮಿಯವರ ಮುಖ ಅರಳಿತು. "ಆ! ಈಗ ಕೇಳ್ತು! ಅನ್ಯಾಯ ಕಣಪ್ಪ ಇದು!"

ನ್ಯಾಯಕ್ಕಾಗಿ ಹೋರಾಡುವವನಿಗೆ ಆಯಾಸ ತಿಳಿಯುವುದಿಲ್ಲ. ಪ್ರತಿ ಸಲವೂ ಶಬ್ದ ಹಿಂದಿನ ಸಲಕ್ಕಿಂತ ಜೋರಾಗುತ್ತಿತ್ತು. ನಮ್ಮ ಕೇಸ್ ಬಲವಾಗುತ್ತಿದೆ ಅಂತ ನಾನು ತಿಳಿದೆ! ಎದುರುಮನೆಯ ಜಯಮ್ಮ ಮಾತ್ರ ಬೇಲಿ ಆಚೆಯಿಂದ, "ಅದ್ಕೆ ಒಸಿ ಎಣ್ಣೆನಾದ್ರೂ ಉಯ್ದು ಸ್ಟಾರ್ಟ್ ಮಾಡಬಾರ್ದಾ?" ಅಂತ ಕೇಳಿದಳು.

"ಎಣ್ಣೆ ಉಯ್ದ್ರೆ ಸಾಕ್ಷ್ಯನಾಶ ಆಗ್ತದೆ ಜಯಮ್ಮ. ಎಂಗದೋ ಅಂಗೇ ಇರ್ಬೇಕು. ಕಾನೂನು," ಅಂದೆ. ಅವಳು ಆ ಕಾನೂನನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು.

ಆ ರಾತ್ರಿ ಊಟಕ್ಕೆ ಕೂತಾಗ ಭಾಗ್ಯ, "ಕೋಟೆ ಹತ್ರದ ಹ್ಯಾಂಡ್‌ಪೋಸ್ಟ್‌ನೋರು ಫೋನ್ ಮಾಡಿದ್ರು. ಭಾನುವಾರ ನಿಶ್ಚಿತಾರ್ಥ. ಸಮೀಯಣ್ಣ ಬಂದು ಬೋಲ್ಟ್ ಹಾಕ್ಬುಟ್ರೆ ಕಾರಲ್ಲೇ ತಗೊಂಡೋಗಬೌದು," ಅಂದಳು. ನಾನು ಸಾರು ಹಾಕಿಸಿಕೊಳ್ಳುತ್ತಾ, "ಬರ್ಲಿ, ಬರ್ಲಿ," ಅಂದೆ. ನನ್ನ ಸಿದ್ಧತೆಯ ಬಗ್ಗೆ ಅವಳಿಗೆ ಹೇಳಲಿಲ್ಲ. ಗೆದ್ದ ಮೇಲೆ ಹೇಳಿದರಾಯಿತು ಅಂದುಕೊಂಡೆ.

ಶುಕ್ರವಾರ ಸಮೀವುಲ್ಲಾ ಬಸ್ಸಿಂದ ಇಳಿದು ನೇರ ನಮ್ಮ ಅಂಗಡಿಗೇ ಬಂದರು. ಮದುವೆಯ ಬಟ್ಟೆಯಲ್ಲೇ ಇದ್ದರು. ಒಂದು ಕೈಯಲ್ಲಿ ಆಯಿಲ್ ಡಬ್ಬ, ಇನ್ನೊಂದು ಕೈಯಲ್ಲಿ ಮದುವೆ ಮನೆಯ ಹಲ್ವದ ಪೊಟ್ಟಣ. ಬಂದವರು ಕಂಡದ್ದೇನು? ಅಂಗಡಿ ಮುಂದೆ ಕುರ್ಚಿಗಳ ಸಾಲು. ಕುರ್ಚಿಗಳಲ್ಲಿ ನನ್ನ ಸಾಕ್ಷಿಗಳು. ಮೇಜಿನ ಮೇಲೆ ಬೋಲ್ಟ್‌ಗಳ ಪ್ರದರ್ಶನ. ನಡುವೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಾನು!

"ಅಣ್ಣಾ, ನಮಸ್ಕಾರ. ಆ ಬೋಲ್ಟ್ ವಿಷ್ಯ..." ಅಂತ ಅವರು ಶುರು ಮಾಡಿದರು.

"ನಿಮ್ಮ ಸರದಿ ಬಂದಾಗ ಮಾತಾಡಿ ಸಮೀವುಲ್ಲಾ. ಮೊದ್ಲು ಈ ಕಡೆಯೋರು."

"ಅಲ್ಲ ಅಣ್ಣ, ನಾನು ಹೇಳ್ಬೇಕಂತಿದ್ದದ್ದು..."

"ಕೂತ್ಕಳಿ!"

ಪಾಪ, ಗೊಬ್ಬರದ ಮೂಟೆ ಮೇಲೆ ಕೂತರು. ನಾನು ಕಾಲು ಗಂಟೆಗೂ ಮೀರಿ ಭಾಷಣ ಮಾಡಿದೆ. ಗಿರಾಕಿಯ ನಂಬಿಕೆ, ಕೆಲಸಗಾರನ ಹೊಣೆ, ಹೆದ್ದಾರಿಯಲ್ಲಿ ಪ್ರಾಣಾಪಾಯ, ಎಲ್ಲವನ್ನೂ ಮುಟ್ಟಿದೆ. ರೇವಣ್ಣನವರು ಒಂದು ಸಲ ಚಪ್ಪಾಳೆಯನ್ನೂ ತಟ್ಟಿದರು. ಕೊನೆಗೆ, "ಬರೀ ಬಾಯಿ ಮಾತು ಬ್ಯಾಡ, ಎಲ್ರೂ ಕಿವಿಯಾರೆ ಕೇಳಿ!" ಅಂತ ಕಾರಿನೊಳಗೆ ಕೂತೆ.

"ಅಣ್ಣಾ, ಬ್ಯಾಡಿ! ಆಯಿಲ್ ಇಲ್ಲ ಅದ್ರಲ್ಲಿ!" ಅಂತ ಸಮೀವುಲ್ಲಾ ಎದ್ದು ಓಡಿಬಂದರು.

ಆರೋಪಿ ಬೆದರಿದ್ದಾನೆ ಅಂದುಕೊಂಡೆ. ಕೀ ತಿರುಗಿಸಿದೆ. ಟಕ ಟಕ ಟಕ. ಹಿಂದಿನ ಕುರ್ಚಿಯಿಂದ ಪುಟ್ಟಸ್ವಾಮಿಯವರು ಕೈ ಎತ್ತಿ, "ರೈಸ್ ಮಾಡು!" ಅಂದರು. ರೈಸ್ ಮಾಡಿದೆ. ಕಟ ಕಟ ಕಟ ಕಟ. ಇನ್ನೂ ಒತ್ತಿದೆ.

ಕಡ್!

ಅಷ್ಟೇ. ಆಮೇಲೆ ಏನೂ ಇಲ್ಲ. ಬಾನೆಟ್ ಸಂದಿಯಿಂದ ಬೆಳ್ಳಗೆ ಹೊಗೆ ಎದ್ದಿತು. ಮತ್ತೆ ಕೀ ತಿರುಗಿಸಿದರೆ ಕಾರು ಟಿಕ್ ಅಂತ ಒಂದೇ ಒಂದು ಸಲ ಅಂದು ಸುಮ್ಮನಾಯಿತು. ಗ್ರೈಂಡರ್ ಕೂಡ ಅದೇ ಹೊತ್ತಿಗೆ ನಿಂತಿತು!

ಸಮೀವುಲ್ಲಾ ಬಾನೆಟ್ ಮೇಲೆ ಕೈ ಇಟ್ಟು ಬಿಸಿಗೆ ಥಟ್ಟನೆ ತೆಗೆದರು. "ಇಂಜಿನ್ ಒಳಗೇ ಕಚ್ಕೊಂಡು ಸೀಜ್ ಆಯ್ತು ಅಣ್ಣ," ಅಂದರು ಮೆಲ್ಲಗೆ. "ತಪ್ಪು ನಂದೇ, ಮದುವೆ ಅವಸರದಲ್ಲಿ ಬೋಲ್ಟ್ ಸರಿಯಾಗಿ ಟೈಟ್ ಮಾಡ್ಲಿಲ್ಲ, ಏನಾಗಿದ್ರೂ ನಾನೇ ರೆಡಿ ಮಾಡ್ಕೊಡ್ತೀನಿ ಅಂತ ಹೇಳೋಕೆ ಬಂದಿದ್ದೆ. ನೀವು ಹೇಳೋಕೇ ಬುಡ್ಲಿಲ್ಲ."

ಅಷ್ಟರಲ್ಲಿ ಭಾಗ್ಯ ಹೊರಗೆ ಬಂದಳು. ಕೈಯೆಲ್ಲ ಕಣಕದ ಹಿಟ್ಟು. ಕುರ್ಚಿ ನೋಡಿದಳು, ಹೊಗೆ ನೋಡಿದಳು, ಸ್ಟೀರಿಂಗ್ ಹಿಂದೆ ಕೂತಿದ್ದ ನನ್ನನ್ನು ನೋಡಿದಳು.

"ಸ್ಟಾರ್ಟ್ ಮಾಡಿದ್ರಾ?"

"ಈಗೊಂದು ಸಲ..." ಅಂದೆ.

"ಈಗೊಂದ್ಸಲ ಅಲ್ಲ ಕಣವ್ವ," ಅಂದರು ರೇವಣ್ಣನವರು. "ನಂಗೆ ತೋರ್ಸಕ್ಕೆ ಬುಧವಾರ ಒಂದ್ಸಲ ಮಾಡಿದ್ರಲ್ಲ!"

"ನಂಗೆ ಎರಡ್ಸಲ," ಅಂದರು ಪುಟ್ಟಸ್ವಾಮಿಯವರು. ಆ ಪ್ರಶ್ನೆ ಮಾತ್ರ ಅವರಿಗೆ ಎಷ್ಟು ಸ್ಪಷ್ಟವಾಗಿ ಕೇಳಿತ್ತು!

"ನಾನು ಎಣ್ಣೆ ಉಯ್ಯಿ ಅಂದೆ ಕಣವ್ವಾ ಭಾಗ್ಯ. ಕಾನೂನು ಅಂದ," ಅಂತ ಬೇಲಿ ಆಚೆಯಿಂದ ಜಯಮ್ಮ ಸೇರಿಸಿದಳು.

ಸಾಕ್ಷಿಗಳನ್ನು ಕೂಡಿಹಾಕಿದ್ದು ನಾನೇ. ಕುರ್ಚಿ ಹಾಕಿಸಿದ್ದು ನಾನೇ. ಕಾಫಿ ಕುಡಿಸಿದ್ದೂ ನಾನೇ! ಒಬ್ಬರಾದ ಮೇಲೆ ಒಬ್ಬರು, ತುಂಬಾ ಪ್ರಾಮಾಣಿಕವಾಗಿ, ನನ್ನ ವಿರುದ್ಧವೇ ಸಾಕ್ಷಿ ಹೇಳಿದರು. ಕೊನೆಯ ಆಸರೆಯಾಗಿ ಚಂದ್ರಣ್ಣನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ.

"ಡ್ಯಾಮೇಜ್ ತೋರ್ಸು ಅಂದಿದ್ದೆ," ಅಂದ ಅವನು. "ಡ್ಯಾಮೇಜ್ ಮಾಡು ಅಂದಿರ್ನಿಲ್ಲ. ಸಾಹೇಬ್ರು ಕರೀತಾವ್ರೆ, ಇಡ್ತೀನಿ." ಇಟ್ಟೇಬಿಟ್ಟ!

ಭಾಗ್ಯ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಕೈ ತೊಳೆದು ಬಂದು ಸಮೀವುಲ್ಲಾ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು. "ಸಮೀಯಣ್ಣ, ಮುಚ್ಚುಮರೆ ಇಲ್ದೆ ಹೇಳಿ. ಇದ್ರಲ್ಲಿ ನಿಮ್ಮದು ಎಷ್ಟು, ನಮ್ಮದು ಎಷ್ಟು?"

"ಬಿಚ್ಚಿ ನೋಡ್ದೆ ಹೇಳೋಕಾಗಲ್ಲ ಅಕ್ಕ. ಅವತ್ತೇ ಬೇರಿಂಗ್ ಒಸಿ ಸವ್ದಿರಬೌದು. ಅದು ನಂದೇ, ನಾನು ಇಲ್ಲ ಅನ್ನಲ್ಲ. ಆಮೇಲಿಂದು..." ಅಂತ ನನ್ನ ಕಡೆ ನೋಡಿದರು. ಆಮೇಲೆ ಭಾಗ್ಯಳ ಕಡೆ ತಿರುಗಿದರು. "ಕಾರಿಂದು ಬುಡಿ ಅಕ್ಕ, ಅದು ಕಬ್ಬಿಣ, ಮಾಡ್ಬೌದು. ಬೆಳಿಗ್ಗೆ ನಮ್ಮ ಹುಡುಗ್ರು ಫೋನ್ ಮಾಡಿದ್ರು. ಗಾವಡಗೆರೆ ಕಡೆ ಗಿರಾಕಿಗಳು ರಿಪೇರಿಗೆ ಬಿಟ್ಟಿದ್ದ ಗಾಡಿ ವಾಪಸ್ ತಗೊಂಡೋಗ್ತಾವ್ರಂತೆ. ನಿಂಗರಾಜಣ್ಣ ಹೇಳಿದ್ರು ಅಂತಾರಂತೆ. ಅದು ಹೆಂಗೆ ಸರಿ ಮಾಡೋದು ಅಂತ ನಂಗೆ ಗೊತ್ತಾಗ್ತಿಲ್ಲ."

ಅಂಗಡಿ ಇಟ್ಟುಕೊಂಡವನು ನಾನು. ಹೆಸರು ಕೆಟ್ಟರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರಿನಿಂದ ಇಳಿದು ಬಂದು, "ತಪ್ಪಾಯ್ತು ಸಮೀವುಲ್ಲಾ. ಯಾರ್ಯಾರ ಹತ್ರ ಹೇಳಿದ್ನೋ ಅವರ ಹತ್ರ ನಾನೇ ಹೋಗ್ತೀನಿ," ಅಂದೆ.

ನಾನು ತಿಂಗಳುಗಟ್ಟಲೆ ನಡೆಸಬೇಕೆಂದಿದ್ದ ಕೇಸನ್ನು ಭಾಗ್ಯ ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಸಿದಳು. ಬೋಲ್ಟ್ ಕಳಚಿದ್ದರಿಂದ ಕೆಟ್ಟಿದ್ದಕ್ಕೆ ಸಮೀವುಲ್ಲಾ ಹೊಣೆ. ಬೇರಿಂಗ್ ಅವರದು, ಇಂಜಿನ್ ಬಿಚ್ಚಿ ಜೋಡಿಸುವ ಕೂಲಿ ಅವರು ತೆಗೆದುಕೊಳ್ಳುವುದಿಲ್ಲ. ಗೊತ್ತಿದ್ದೂ ಸ್ಟಾರ್ಟ್ ಮಾಡಿ ಕೆಡಿಸಿದ್ದಕ್ಕೆಲ್ಲ ನಾನು ಹೊಣೆ. ಅಂದರೆ ಇಂಜಿನ್ನಿನ ಉಳಿದದ್ದೆಲ್ಲ! ರೇವಣ್ಣನವರು ಇದೇ ನ್ಯಾಯ ಅಂದರು. ಸಮೀವುಲ್ಲಾ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ.

"ಇನ್ನೊಂದು ಅದೆ," ಅಂದಳು ಭಾಗ್ಯ. "ಕಾರು ಬರೋಗಂಟ ಒಬ್ಬಟ್ಟಿನ ಡಬ್ಬ ಬಸ್ಸಲ್ಲಿ ಹೊತ್ಕೊಂಡೋಗೋರು ಇವ್ರೇ."

ಭಾನುವಾರ ಬೆಳಿಗ್ಗೆ ಎರಡು ದೊಡ್ಡ ಸ್ಟೀಲ್ ಡಬ್ಬ, ಒಂದು ತುಪ್ಪದ ಕ್ಯಾನು ಹಿಡಿದು ನಾನು ಬಸ್ ಹತ್ತಿದೆ. ಸೀಟು ಸಿಗಲಿಲ್ಲ. ಡಬ್ಬ ಕಾಲ ನಡುವೆ, ಕ್ಯಾನು ಎದೆಗೆ. ಪ್ರತಿ ತಿರುವಿನಲ್ಲಿ ಒಬ್ಬಟ್ಟಿನ ಘಮಲು ಎದ್ದು ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗುತ್ತಿತ್ತು. ಒಬ್ಬ ಅಜ್ಜಿಯಂತೂ, "ಒಂದು ಕೊಡಪ್ಪಾ, ಸಕ್ಕರೆ ಕಾಯಿಲೆ ಅದೆ, ಇನ್ನೆಷ್ಟು ದಿನ ತಿಂತೀನಿ," ಅಂತ ನೇರವಾಗಿ ಕೇಳಿದರು. ಒಂದು ರಸ್ತೆ ಉಬ್ಬಿನ ಮೇಲೆ ಬಸ್ ನೆಗೆದಾಗ ಕ್ಯಾನಿನ ಮುಚ್ಚಳ ಬಿಚ್ಚಿಕೊಂಡು ತುಪ್ಪ ನನ್ನ ಅಂಗಿಯ ಮೇಲೆ ಇಳಿಯಿತು. ಯಾವ ಮುಚ್ಚಳವನ್ನಾಗಲಿ ಟೈಟ್ ಮಾಡುವುದು ಹೇಳಿದಷ್ಟು ಸುಲಭವಲ್ಲ ಅಂತ ಆಗ ಗೊತ್ತಾಯಿತು. ಅದನ್ನು ಮುಚ್ಚಿದ್ದು ನಾನೇ!

ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿದು ಮನೆ ಹುಡುಕಿಕೊಂಡು ಹೋದರೆ, ತುಪ್ಪದ ಅಂಗಿ ನೋಡಿ ಮನೆಯವರು ನನ್ನನ್ನು ಅಡುಗೆಯವನು ಅಂದುಕೊಂಡರು. "ಈಗ ಬರೋದಾ? ಪಂಕ್ತಿ ಕೂತಾಯ್ತು, ಬಡಿಸಿ!" ಅಂತ ಕೈಗೆ ತಟ್ಟೆ ಕೊಟ್ಟರು. ಎದುರು ಮಾತಾಡುವ ಧೈರ್ಯ ಆ ವಾರದಲ್ಲಿ ಖರ್ಚಾಗಿ ಹೋಗಿತ್ತು. ಬಡಿಸಿದೆ. ಸಾಲಿನಲ್ಲಿ ಕೂತಿದ್ದ ಯಜಮಾನರೊಬ್ಬರು ಒಬ್ಬಟ್ಟು ಮುರಿಯುತ್ತಾ ನನ್ನನ್ನು ದಿಟ್ಟಿಸಿ ನೋಡಿ, "ಗಾವಡಗೆರೆ ಭಾಗ್ಯಮ್ಮನ ಯಜಮಾನ್ರಲ್ವಾ? ಆ ಇಂಜಿನ್ ಕೊಂದೋರು?" ಅಂದರು. ಸುದ್ದಿ ಯಾವ ಬಸ್ಸಿನಲ್ಲಿ ಬಂದಿತ್ತೋ, ನನಗಿಂತ ಮೊದಲು ಬಂದಿತ್ತು. ಅದಕ್ಕೆ ಸೀಟೂ ಸಿಕ್ಕಿರಬೇಕು!

ಕೊಟ್ಟ ಮಾತಿನಂತೆ ಆ ವಾರವೆಲ್ಲ ಗಿರಾಕಿಗಳ ಮನೆಮನೆಗೆ ಹೋದೆ. ಬೋಲ್ಟ್ ಸಡಿಲವಾಗಿದ್ದು ನಿಜ, ಸಮೀವುಲ್ಲಾ ಒಪ್ಪಿಕೊಂಡದ್ದೂ ನಿಜ, ಇಂಜಿನ್ ಹೋದದ್ದು ನನ್ನಿಂದ ಅಂತ ಹೇಳಿಕೊಂಡು ಬಂದೆ. ಸಮೀವುಲ್ಲಾ ಮೇಲೆ ದೂರು ಹೇಳಿದಾಗ ಅನ್ಯಾಯ ಅನ್ಯಾಯ ಅಂದಿದ್ದ ಜನ, ಈಗ ಒಳಗಿಂದ ಮನೆಯವರನ್ನೆಲ್ಲ ಕರೆದು, "ಬನ್ನಿ ಬನ್ನಿ, ನಿಂಗರಾಜಣ್ಣ ಇನ್ನೊಂದ್ಸಲ ಹೇಳ್ತಾರೆ," ಅಂತ ಕೂರಿಸಿಕೊಂಡು ಕೇಳಿದರು. ಗಾಡಿಗಳು ಗ್ಯಾರೇಜಿಗೆ ವಾಪಸ್ ಹೋದವು. ನನ್ನ ಮರ್ಯಾದೆ ಎಲ್ಲಿಗೆ ಹೋಯಿತು ಅಂತ ಕೇಳಬೇಡಿ.

ಕಾರು ರೆಡಿಯಾಗಿದೆ ಅಂತ ಫೋನ್ ಬಂದ ದಿನ ಇಬ್ಬರೂ ಹುಣಸೂರಿಗೆ ಹೋದೆವು. ಸಮೀವುಲ್ಲಾ ಭಾಗ್ಯಳ ಕೈಗೆ ಕೀ ಕೊಟ್ಟರು. ಎರಡನೇ ಕೀಯನ್ನೂ ಭಾಗ್ಯಳ ಕೈಗೇ ಕೊಟ್ಟರು. ಅವಳು ಕೂತು ಸ್ಟಾರ್ಟ್ ಮಾಡಿದಳು. ಇಂಜಿನ್ ಜೇನು ಗೂಡಿನ ಹಾಗೆ ಮೆತ್ತಗೆ ಗುಂಯ್‌ಗುಟ್ಟಿತು. ನಾನು ಬಾಗಿಲು ತೆಗೆದು ಹತ್ತಬೇಕು ಅನ್ನುವಷ್ಟರಲ್ಲಿ, ಪಕ್ಕದಲ್ಲಿದ್ದ ಜೀಪಿನ ಅಡಿ ಮಲಗಿದ್ದ ಮೆಕ್ಯಾನಿಕ್ ಗಟ್ಟಿಯಾಗಿ ಕೂಗಿದ: "ಸಮೀಯಣ್ಣಾ! ಇದೂ ನಿಂಗರಾಜು ಆಗ್ಬುಟ್ಟದೆ ಕಣಣ್ಣ!"

ಸಮೀವುಲ್ಲಾ ಮುಖ ಕೆಂಪಗಾಗಿ ಬೇರೆ ಕಡೆ ತಿರುಗಿಕೊಂಡರು. ಜೀಪಿನ ಮಾಲೀಕರು ವಯಸ್ಸಾದವರು, ಗಾಬರಿಯಿಂದ ನನ್ನ ಹತ್ತಿರ ಬಂದರು.

"ಸ್ವಾಮಿ, ನಿಂಗರಾಜು ಅಂದ್ರೆ ಯಾವ ಪಾರ್ಟು? ಹೊಸದು ಸಿಕ್ತದಾ?"

ಹೇಳದೆ ಹೋಗುವಂತಿರಲಿಲ್ಲ. "ಅದು ಪಾರ್ಟಲ್ಲ ಯಜಮಾನ್ರೇ," ಅಂದೆ. "ಅದೊಂಥರಾ ಕಾಯಿಲೆ. ಒಳಗೆ ಆಯಿಲ್ ಇರಲ್ಲ, ಸದ್ದು ಮಾತ್ರ ಜೋರಾಗಿರ್ತದೆ."

"ವಾಸಿಯಾಗ್ತದಾ?"

ನಾನು ಬಾಯಿ ತೆಗೆಯುವುದರೊಳಗೆ ಡ್ರೈವರ್ ಸೀಟಿನಿಂದ ಉತ್ತರ ಬಂತು.

"ಇಲ್ಲ ಕಣ್ರೀ," ಅಂದಳು ಭಾಗ್ಯ, ಗೇರ್ ಹಾಕುತ್ತಾ. "ಮದುವೆ ಆದಾಗಿಂದ ನೋಡ್ತಾ ಇದೀನಿ."